ಮುಳ್ಳು ತಿರುಗಿಸಿ ಕೊಡುವುದಿಲ್ಲ!

ನನ್ನ ಅಂಗಡಿಯ ಬಾಗಿಲ ಮೇಲೊಂದು ಬೋರ್ಡಿದೆ. ರಸ್ತೆಯ ಆಚೆ ಬದಿಯಿಂದಲೂ ಓದಲಿಕ್ಕೆ ಸಿಗಲಿ ಎಂದು ಕೆಂಪು ಬಣ್ಣದಲ್ಲಿ ದಪ್ಪಗೆ ಬರೆಸಿದ್ದೇನೆ: "ಮುಳ್ಳು ತಿರುಗಿಸಿ ಕೊಡುವುದಿಲ್ಲ. ಮೂಲ ನೋಡಿಯೇ ರಿಪೇರಿ!"

ಹೌದು, ನಾನು ಗಡಿಯಾರ ರಿಪೇರಿಯವನು. ಇಪ್ಪತ್ತಾರು ವರ್ಷದ ಅನುಭವ. ಗಡಿಯಾರ ಹತ್ತು ನಿಮಿಷ ಹಿಂದೆ ಬಿತ್ತು ಅಂದರೆ ಮುಳ್ಳನ್ನು ಹತ್ತು ನಿಮಿಷ ಮುಂದಕ್ಕೆ ತಳ್ಳಿ ಕೈತೊಳೆದುಕೊಳ್ಳುವ ಚಿಲ್ಲರೆ ಕೆಲಸ ನನ್ನಿಂದಾಗದು. ಯಾಕೆ ಹಿಂದೆ ಬಿತ್ತು? ಯಾವ ಚಕ್ರ ಸೋಮಾರಿ? ಯಾವ ಸ್ಪ್ರಿಂಗಿಗೆ ಸುಸ್ತು? ಅದು ಗೊತ್ತಾಗುವವರೆಗೆ ಗಡಿಯಾರ ನನ್ನ ವಶ. "ಸಾರ್, ನಾಳೆ ಬೆಳಗ್ಗೆ ಬೇಕಿತ್ತು" ಎಂದು ಗೋಗರೆದವರಿಗೆ, "ನಾಳೆ ಬೆಳಗ್ಗೆ ಏಳ್ಬೇಕಾದ್ರೆ ಕೋಳಿ ಸಾಕ್ಕೊಳ್ಳಿ" ಎಂದು ಹೇಳಿ ಕಳಿಸಿದವನು ನಾನು!

ಬೋರ್ಡು ಹಾಕಿಸಿದ ಹೊಸದರಲ್ಲಿ ವಯಸ್ಸಾದವರೊಬ್ಬರು ಬಂದು, ಕುರ್ಚಿ ತೋರಿಸಿದರೂ ಕೂರದೆ, ಅತ್ತಿತ್ತ ನೋಡಿ ಪಿಸುಗುಟ್ಟಿದರು: "ಮೂಲಕ್ಕೆ ಆಪರೇಷನ್ ಇಲ್ದೇ ವಾಸಿ ಮಾಡ್ತೀರಾ?" ಅವರಿಗೂ ನಾನು ಹೇಳಿದ್ದು ಅದೇ ಮಾತು, ತಾಳ್ಮೆ ಬೇಕು ಎಂದು.

ಇಂಥ ಸಿದ್ಧಾಂತಿಗೆ ಒಂದು ಕಾಯಿಲೆ. ಸೀನು! ಹನ್ನೆರಡು ವರ್ಷದಿಂದ. ಒಂದೋ ಎರಡೋ ಸೀನಿ ಸುಮ್ಮನಾಗುವ ಸಭ್ಯ ಮೂಗಲ್ಲ ನನ್ನದು. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಶುರುವಾದರೆ ಹದಿನಾಲ್ಕು, ಹದಿನೈದು. ಅದಕ್ಕೆ ನನ್ನ ಹತ್ತಿರ ಒಂದು ಸಣ್ಣ ಹಳದಿ ಮಾತ್ರೆ ಇತ್ತು. ನುಂಗಿದರೆ ಸೀನು ನಿಲ್ಲುತ್ತಿತ್ತು, ಜೊತೆಗೆ ನಾನೂ ನಿಲ್ಲುತ್ತಿದ್ದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಚಿಮುಟ ಹಿಡಿದುಕೊಂಡೇ ಗೊರಕೆ! ಪಕ್ಕದ ಅಂಗಡಿಯ ದರ್ಜಿ ಒಂದು ಮಧ್ಯಾಹ್ನ ಬಂದು, "ಯಾವ್ದೋ ಗಡಿಯಾರದ ಅಲಾರಂ ಕೆಟ್ಟಿದೆ, ಒಂದು ಗಂಟೆಯಿಂದ ಹೊಡ್ಕೋತಿದೆ, ನಿಲ್ಸಪ್ಪಾ" ಎಂದು ನನ್ನನ್ನೇ ಅಲುಗಾಡಿಸಿ ಎಬ್ಬಿಸಿದ್ದ.

ಒಂದು ಭಾನುವಾರ ಬೆಳಗ್ಗೆ ಆ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದೆ. ಹೆಂಡತಿ ಎದುರಿಗೆ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅವಳು ಶಾಲೆಯಲ್ಲಿ ಲೆಕ್ಕದ ಟೀಚರು. ಮನೆಯಲ್ಲೂ ಅದೇ ಹುದ್ದೆ.

"ರೀ, ಒಂದು ಪ್ರಶ್ನೆ. ದಿನಾ ಹತ್ತು ನಿಮಿಷ ಹಿಂದೆ ಬೀಳೋ ಗಡಿಯಾರಕ್ಕೆ ದಿನಾ ಹತ್ತು ನಿಮಿಷ ಮುಳ್ಳು ತಳ್ಳಿದ್ರೆ ಅದಕ್ಕೇನಂತಾರೆ?"

"ಮೋಸ ಅಂತಾರೆ! ದಗಾ ಅಂತಾರೆ!"

"ಸರಿ. ನೀವೀಗ ನುಂಗಿದ್ದೇನು?"

ಮಾತ್ರೆ ಗಂಟಲಲ್ಲೇ ಬ್ರೇಕು ಹಾಕಿತು. ಹನ್ನೆರಡು ವರ್ಷದಿಂದ ನಾನು ನನ್ನ ಮೂಗಿನ ಮುಳ್ಳು ತಿರುಗಿಸುತ್ತಾ ಬಂದಿದ್ದೆ! ಎದ್ದು ನಿಂತೆ. ಮಾತ್ರೆಯ ಡಬ್ಬಿಯನ್ನು ಎತ್ತಿ ಕಸದ ಬುಟ್ಟಿಗೆ ಎಸೆದೆ. (ಗುರಿ ತಪ್ಪಿ ಅದು ಫ್ರಿಜ್ಜಿನ ಹಿಂದೆ ಬಿತ್ತು. ಎಲ್ಲಿ ಬಿತ್ತು ಎಂಬುದನ್ನು ಮಾತ್ರ ನೆನಪಿಟ್ಟುಕೊಂಡೆ.)

"ಕೇಳು! ಇವತ್ತಿಂದ ಈ ಮೂಗಿಗೆ ತಾತ್ಕಾಲಿಕ ಅನ್ನೋ ಪದ ಇಲ್ಲ. ಬೇರುಸಹಿತ ಕಿತ್ತು ಹಾಕ್ತೀನಿ!"

"ಮೂಗನ್ನಾ?"

"ಅಲರ್ಜಿನ ಕಣೇ!"

"ಹಾಗಿದ್ರೆ ಡಾಕ್ಟ್ರ ಹತ್ರ ಹೋಗೋಣ. ಯಾವುದಕ್ಕೆ ಅಲರ್ಜಿ ಅಂತ ಟೆಸ್ಟ್ ಮಾಡ್ತಾರಂತೆ."

"ಡಾಕ್ಟ್ರಾ? ಇಪ್ಪತ್ತಾರು ವರ್ಷ ಮೂಲ ಹುಡುಕಿದವನು ನಾನು. ನನ್ನ ಮೂಗಿನ ಮೂಲ ಹುಡುಕೋಕೆ ಬೇರೆಯವರು ಬೇಕಾ?"

ಅವಳು ಎದ್ದು ಒಳಗೆ ಹೋದಳು. ಒಂದು ನೋಟ್‌ಪುಸ್ತಕ ತಂದು, ಸ್ಕೇಲು ಹಿಡಿದು ಗೆರೆ ಎಳೆದು, ನಾಲ್ಕು ಕಾಲಂ ಮಾಡಿದಳು. ದಿನ, ಹೊತ್ತು, ಜಾಗ, ಎಷ್ಟು ಸೀನು. ಅಂದಿನಿಂದ ನಾನು ಸೀನುವುದು, ಅವಳು ಬರೆದುಕೊಳ್ಳುವುದು.

ತನಿಖೆ ಶುರುವಾಯಿತು. ಮೊದಲ ಆರೋಪಿ ಪರದೆ. ಮನೆಯ ಪರದೆಗಳನ್ನೆಲ್ಲ ಕಿತ್ತು ಹಾಕಿದೆ. ಸೀನು ನಿಲ್ಲಲಿಲ್ಲ, ಎದುರುಮನೆಯವರು ಮಾತ್ರ ನಮ್ಮ ಊಟದ ಹೊತ್ತಿಗೆ ಸರಿಯಾಗಿ ಕಿಟಕಿಗೆ ಬಂದು ನಿಲ್ಲತೊಡಗಿದರು. ಎರಡನೆಯದು ದಿಂಬು. ದಿಂಬು ಬಿಸಾಕಿ ಟವೆಲು ಸುತ್ತಿಟ್ಟುಕೊಂಡು ಮಲಗಿದೆ. ಮೂರು ದಿನ ಕತ್ತು ಎಡಕ್ಕೇ ನಿಂತುಬಿಟ್ಟಿತು. ಬಲಗಡೆಯಿಂದ ಬಂದ ಗಿರಾಕಿಗಳನ್ನು ನೋಡಬೇಕಾದರೆ ಇಡೀ ಮೈ ತಿರುಗಿಸಬೇಕಾಗಿತ್ತು. ಮೂರನೆಯದು ಹೆಂಡತಿಯ ಹೂವಿನ ಕುಂಡಗಳು, ನಾಲ್ಕನೆಯದು ಅವಳ ಮುಖದ ಪೌಡರು. ಐದನೆಯದು ಅವಳೇ ಇರಬಹುದೆಂದು ಹೇಳಬೇಕೆಂದಿದ್ದೆ, ಅವಳ ಕೈಯಲ್ಲಿ ಸ್ಕೇಲಿತ್ತು.

"ರೀ, ಪುಸ್ತಕ ನೋಡಿ" ಎಂದಳು. "ಬೆಳಗ್ಗೆ ಮಂಚದ ಮೇಲೆ ಹದಿನಾಲ್ಕು. ಅಂಗಡೀಲಿ ಮೂರು. ಮೊನ್ನೆ ಕತ್ತು ನೋವು ಅಂತ ಹಾಲ್‌ನಲ್ಲಿ ಮಲಗಿದ್ರಲ್ಲ, ಅವತ್ತು ಒಂದೇ ಒಂದು. ಮಂಚದ ಕೆಳಗೆ ನೋಡಿದ್ರಾ?"

"ಮಂಚದ ಕೆಳಗೇನಿದೆ? ನನ್ನ ವಾರ್ಡಿದೆ!"

ಇಲ್ಲಿ ನಮ್ಮ ಮಂಚದ ಬಗ್ಗೆ ಒಂದು ಮಾತು ಹೇಳಬೇಕು. ನನ್ನ ಅಂಗಡಿ ಎರಡು ಹೆಜ್ಜೆ ಅಗಲದ್ದು. ಮೂಲ ಸಿಗದ ಗಡಿಯಾರಗಳನ್ನೆಲ್ಲ ಅಲ್ಲಿ ಇಟ್ಟುಕೊಂಡರೆ ನಾನು ರಸ್ತೆಯಲ್ಲಿ ಕೂರಬೇಕು. ಹಾಗಾಗಿ ದೀರ್ಘಕಾಲದ ರೋಗಿಗಳನ್ನು ಮನೆಗೆ ತಂದು, ಹಳೇ ಸ್ವೆಟರು, ಹಳೇ ಕಂಬಳಿ ಸುತ್ತಿ, ಮಂಚದ ಕೆಳಗೆ ಸಾಲಾಗಿ ಮಲಗಿಸಿದ್ದೆ. ಅಲ್ಲಿಗೆ ಪೊರಕೆ ಹಾಕಕೂಡದು ಎಂಬುದು ಹನ್ನೆರಡು ವರ್ಷದಿಂದ ನನ್ನ ಶಾಸನ. ಪೊರಕೆ ತಗುಲಿ ಲೋಲಕ ಅಲುಗಿದರೆ ಮೂಲ ಇದ್ದ ಜಾಗ ಬಿಟ್ಟು ಇನ್ನೆಲ್ಲಿಗೋ ಓಡಿಹೋದೀತು!

"ರೋಗಿಗಳ ಮೇಲೆ ಅನುಮಾನ ಪಡ್ತೀಯಲ್ಲೇ, ನಿನಗೆ ಕರುಣೆ ಅನ್ನೋದೇ ಇಲ್ವಾ?" ಎಂದೆ. ಅವಳು ಪುಸ್ತಕ ಮುಚ್ಚಿದಳು.

ಅದೇ ಹೊತ್ತಿಗೆ ಬಾಗಿಲಲ್ಲಿ ದೊರೆಸಾನಿ ಕಾಣಿಸಿಕೊಂಡಳು. ದೊರೆಸಾನಿ ಅಂದರೆ ನನ್ನ ಅತ್ತೆಯವರ ಬೆಕ್ಕು. ಬೂದು ಬಣ್ಣ, ದಪ್ಪ ಬಾಲ, ಯಾರನ್ನೂ ಲೆಕ್ಕಕ್ಕಿಡದ ನಡಿಗೆ. ನನ್ನತ್ತ ಒಮ್ಮೆ ನೋಡಿ, ಮೈ ಕೊಡವಿದಳು. ಬಿಸಿಲಲ್ಲಿ ನಾಲ್ಕು ಕೂದಲು ಹಾರಿದವು. ನಾನು ಸೀನಿದೆ.

"ಸಿಕ್ಕಿತು! ಮೂಲ ಸಿಕ್ಕಿತು!" ಎಂದು ಕೂಗಿದೆ.

ಅತ್ತೆ ನಮ್ಮ ಜೊತೆ ಆರು ವರ್ಷದಿಂದ ಇದ್ದಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ಜೀವನ ಕೆಲಸ ಮಾಡಿದವರು. ಟ್ರಂಕ್ ಕಾಲಿನ ಲೆಕ್ಕದಲ್ಲಿ, ಮೂರು ನಿಮಿಷಕ್ಕಿಂತ ಹೆಚ್ಚು ಯಾರೊಂದಿಗೂ ಮಾತಾಡುವುದಿಲ್ಲ. ಅವರಿಗೂ ನನಗೂ ಒಂದೇ ಒಂದು ತಕರಾರು. ಅವರ ತಲೆದಿಂಬಿನ ಪಕ್ಕ ಒಂದು ಹಳೆಯ ಅಲಾರಂ ಗಡಿಯಾರವಿದೆ, ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. "ಕೊಡಿ ಅತ್ತೆ, ಮೂಲ ನೋಡ್ತೀನಿ" ಎಂದು ಆರು ವರ್ಷದಿಂದ ಕೇಳುತ್ತಿದ್ದೇನೆ. ಕೊಟ್ಟಿಲ್ಲ. ಪ್ರತಿ ಬೆಳಗ್ಗೆ ತಾವೇ ಮುಳ್ಳು ತಿರುಗಿಸಿಕೊಂಡು, ನನ್ನ ಕಡೆ ನೋಡಿ ನಗುತ್ತಾರೆ. ಗಡಿಯಾರ ರಿಪೇರಿಯವನ ಮನೆಯಲ್ಲೇ ಹಾಡಹಗಲೇ ಈ ಅನಾಚಾರ!

ಅಂದು ಊಟಕ್ಕೆ ಕೂತಾಗ ವಿಷಯ ಎತ್ತಿದೆ.

"ಅತ್ತೇ, ತಪ್ಪು ತಿಳ್ಕೋಬೇಡಿ. ನನ್ನ ಸೀನಿಗೆ ನಿಮ್ಮ ಬೆಕ್ಕೇ ಕಾರಣ."

ಅತ್ತೆ ತುತ್ತು ಕೆಳಗಿಟ್ಟರು. "ಅಳಿಯಂದಿರೇ, ಬೆಕ್ಕು ಈ ಮನೆಗೆ ಬಂದು ಎಷ್ಟು ವರ್ಷ ಆಯ್ತು?"

"ಆರು."

"ನಿಮಗೆ ಸೀನು ಶುರುವಾಗಿ?"

"ಹನ್ನೆರಡು."

"ಅಂದ್ರೆ ಮೊದಲ ಆರು ವರ್ಷ ನೀವು ಅಡ್ವಾನ್ಸಾಗಿ ಸೀನಿದ್ರಾ?"

ಹೆಂಡತಿ ನೀರು ಕುಡಿಯುತ್ತಿದ್ದವಳು ಮೂಗಿನಿಂದ ನೀರು ಬಿಟ್ಟಳು. ಬುದ್ಧಿ ಇದ್ದವನಾಗಿದ್ದರೆ ನಾನು ಅಲ್ಲಿಗೇ ಸುಮ್ಮನಾಗುತ್ತಿದ್ದೆ. ಆದರೆ ಸಿದ್ಧಾಂತ ಇದ್ದವನಿಗೆ ಬುದ್ಧಿ ಯಾಕೆ? "ಬೆಕ್ಕು ಬಂದ ಮೇಲೆ ಜಾಸ್ತಿ ಆಗಿದೆ! ಬೆಕ್ಕು ಇರ್ಬೇಕು, ಇಲ್ಲಾ ನನ್ನ ಮೂಗು ಇರ್ಬೇಕು!" ಎಂದು ತಟ್ಟೆ ಕುಟ್ಟಿದೆ.

ಅತ್ತೆ ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಕೈತೊಳೆದು ಬಂದು, ನಾಲ್ಕು ಸೀರೆ, ಔಷಧಿ, ಆ ಅಲಾರಂ ಗಡಿಯಾರ ಚೀಲಕ್ಕೆ ಹಾಕಿಕೊಂಡರು. ದೊರೆಸಾನಿಯನ್ನು ಬುಟ್ಟಿಯಲ್ಲಿಟ್ಟು ಮುಚ್ಚಳದ ಹಗ್ಗವನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು. ನಾನದನ್ನು ನೋಡಿದೆ. ತಡೆಯಬೇಕು ಅನ್ನಿಸಿತು. ಆದರೆ ಆಡಿದ ಮಾತನ್ನು ನುಂಗಲು ಅದೇನು ಹಳದಿ ಮಾತ್ರೆಯೇ?

"ದೊಡ್ಡ ಮಗಳ ಮನೆ ಮೂರು ಬೀದಿ ದಾಟಿದ್ರೆ ಸಿಗತ್ತೆ" ಎಂದರು ಅತ್ತೆ. "ನಾನು, ಬೆಕ್ಕು, ಇಬ್ರಿಗೂ ಒಂದೇ ಟಿಕೇಟು. ನಿಮ್ಮ ಮೂಗನ್ನ ಚೆನ್ನಾಗಿ ನೋಡ್ಕೊಳ್ಳಿ."

ಬಾಗಿಲು ಮುಚ್ಚಿತು. ಹೆಂಡತಿಯ ಕಣ್ಣಲ್ಲಿ ನೀರಿತ್ತು, ನೀರಿನ ಹಿಂದೆ ಬೆಂಕಿಯಿತ್ತು.

"ಸೀನಿದ್ದೂ ಆಯ್ತು, ಸೀನ್ ಮಾಡಿದ್ದೂ ಆಯ್ತು. ಇಷ್ಟು ವಯಸ್ಸಾದ ಮೇಲೆ ಅಮ್ಮ ಚೀಲ ಹಿಡ್ಕೊಂಡು ಹೋಗೋ ಹಾಗೆ ಮಾಡಿದ್ರಲ್ಲ, ನಿಮಗೆ ಏನನ್ಸಲ್ವಾ? ಬೆಕ್ಕಿನ ತಪ್ಪಲ್ಲ ಅಂತ ಗೊತ್ತಾದ್ರೆ ಏನ್ ಮಾಡ್ತೀರಿ?"

"ಗೊತ್ತಾಗಲ್ಲ!"

"ಆದ್ರೆ?"

"ಆದ್ರೆ... ನಾನೇ ಹೋಗಿ, ಕೈ ಮುಗಿದು ಬೆಕ್ಕಿನ ಕ್ಷಮೆ ಕೇಳಿ, ಹಾಡಹಗಲಲ್ಲಿ ಹೆಗಲ ಮೇಲೆ ಕೂರಿಸ್ಕೊಂಡು ಮೆರವಣಿಗೆ ಮಾಡ್ತಾ ಕರ್ಕೊಂಡು ಬರ್ತೀನಿ!"

ಲೆಕ್ಕದ ಟೀಚರು ಬಾಯಿಮಾತು ನಂಬುವುದಿಲ್ಲ. ನನ್ನ ಜೇಬಿನಿಂದಲೇ ಅಂಗಡಿಯ ಒಂದು ರಸೀದಿ ಎಳೆದು, ಅದರ ಮೇಲೆ ನನ್ನ ಮಾತನ್ನು ಅಕ್ಷರ ಬಿಡದೆ ಬರೆದು, ನನ್ನಿಂದ ಸಹಿ ಹಾಕಿಸಿಕೊಂಡಳು. ರಸೀದಿಯ ಬೆನ್ನಿಗೆ ನನ್ನ ಸಿದ್ಧಾಂತ ಅಚ್ಚಾಗಿತ್ತು: "ತಾತ್ಕಾಲಿಕ ರಿಪೇರಿಗೆ ಒತ್ತಾಯಿಸಬೇಡಿ. ತಾಳ್ಮೆಯೇ ಗಡಿಯಾರಕ್ಕೆ ಎಣ್ಣೆ."

ಬೆಕ್ಕಿನ ಮೆತ್ತೆ ನಮ್ಮ ಮಂಚದ ಪಕ್ಕದಲ್ಲಿರುತ್ತಿತ್ತು. ಆ ಜಾಗ ಖಾಲಿಯಾಯಿತಲ್ಲ! ಅಂಗಡಿಯಿಂದ ಇನ್ನೂ ಆರು ರೋಗಿಗಳನ್ನು ತಂದು, ಕಂಬಳಿ ಸುತ್ತಿ, ಅಲ್ಲಿ ಮಲಗಿಸಿದೆ. ವಿಜಯದ ನಿದ್ದೆ ಮಾಡಿದೆ. ಮರುದಿನ ಬೆಳಗ್ಗೆ ಎದ್ದು ಸೀನಿದೆ.

"ಹತ್ತೊಂಬತ್ತು" ಎಂದಳು ಹೆಂಡತಿ, ಬರೆದುಕೊಳ್ಳುತ್ತಾ.

"ಬೆಕ್ಕಿನ ಕೂದಲು ಇನ್ನೂ ಗಾಳೀಲಿ ಇರತ್ತೆ ಕಣೇ."

ಮರುದಿನ ಇಪ್ಪತ್ತೆರಡು. ಅದರ ಮರುದಿನ ಇಪ್ಪತ್ನಾಲ್ಕು. ನನ್ನ ಒಂದೊಂದು ಸೀನಿಗೂ ಅಡುಗೆಮನೆಯಲ್ಲಿ ಒಂದೊಂದು ಪಾತ್ರೆ ಕುಕ್ಕಿದ ಸದ್ದು. ಸಂಜೆ ಅಂಗಡಿ ಮುಚ್ಚಿ ಬಂದರೆ, "ಹತ್ತು ನಿಮಿಷ ಬೇಗ ಬಂದ್ರಲ್ಲ ಅಳಿಯಂದಿರೇ" ಎಂದು ತಮ್ಮ ಕೆಟ್ಟ ಗಡಿಯಾರ ನೋಡಿ ರೇಗಿಸುವವರಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ನಿಜ ಹೇಳುತ್ತೇನೆ, ಒಂದು ಸಂಜೆ ಆ ಖಾಲಿ ಕೋಣೆಯ ಬಾಗಿಲಲ್ಲಿ ನಿಂತು ನಾನು ಮೂಗೊರೆಸಿಕೊಂಡದ್ದು ಅಲರ್ಜಿಯಿಂದಲ್ಲ.

ಕೊನೆಗೆ ಹೆಂಡತಿ ನನ್ನನ್ನು ಕೇಳದೆಯೇ ಅಲರ್ಜಿ ಡಾಕ್ಟರ ಬಳಿ ದಿನ ಗೊತ್ತುಮಾಡಿದಳು. "ಟೆಸ್ಟಿಗೆ ಒಂದು ವಾರ ಮೊದಲಿಂದ ಮಾತ್ರೆ ತಗೋಬಾರ್ದಂತೆ. ಫ್ರಿಜ್ಜಿನ ಹಿಂದೆ ಇರೋದನ್ನೂ ಸೇರಿಸಿ" ಎಂದಳು. ಹೆಂಡತಿಯರಿಗೆ ಇದೆಲ್ಲ ಹೇಗೆ ಗೊತ್ತಾಗುತ್ತದೋ!

ಆ ವಾರ ನನ್ನ ವೃತ್ತಿಜೀವನದ ಕಪ್ಪು ವಾರ. ಮೂರನೆಯ ದಿನ ಬೆಳಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಬಂದವರು ಬೇರೆ ಯಾರೂ ಅಲ್ಲ, ನನ್ನ ಹೆಂಡತಿಯ ಶಾಲೆಯ ಹೆಡ್‌ಮಿಸ್ಟ್ರೆಸ್ಸು! ಕೈಗಡಿಯಾರ ಕೊಟ್ಟು, ಎದುರಿನ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯತೊಡಗಿದರು. ನಾನು ಗಡಿಯಾರದ ಬೆನ್ನು ಬಿಚ್ಚಿ, ಸಾಸಿವೆಯ ಕಾಲು ಭಾಗದಷ್ಟಿರುವ ಒಂದು ಸ್ಕ್ರೂವನ್ನು ಚಿಮುಟದಲ್ಲಿ ಎತ್ತಿ ಹಿಡಿದೆ. ಮೂಗಿನ ಬುಡದಲ್ಲಿ ತುರಿಕೆ ಶುರುವಾಯಿತು. ಉಸಿರು ಬಿಗಿಹಿಡಿದೆ. ತುಟಿ ಕಚ್ಚಿದೆ.

"ಆ... ಆ... ಆಕ್ಷೀ!"

ಕಣ್ಣು ಬಿಟ್ಟಾಗ ಚಿಮುಟ ಇತ್ತು, ಸ್ಕ್ರೂ ಇರಲಿಲ್ಲ. ಮೇಜಿನ ಮೇಲಿದ್ದ ಹದಿನೇಳು ರಸೀದಿಗಳು ರಸ್ತೆಯಲ್ಲಿದ್ದವು. ಹೆಡ್‌ಮಿಸ್ಟ್ರೆಸ್ಸಿನ ಕನ್ನಡಕ ಹಣೆಗೇರಿತ್ತು. ನಾನು ನೆಲಕ್ಕೆ ಮೊಣಕಾಲೂರಿ ಹುಡುಕತೊಡಗಿದೆ. ನೆಲದ ಧೂಳಿಗೆ ಇನ್ನೂ ಎಂಟು ಸೀನಿದೆ. ಸದ್ದು ಕೇಳಿ ದರ್ಜಿ ಓಡಿಬಂದ. ಬಿದ್ದ ಗುಂಡುಸೂಜಿ ಎತ್ತಲು ಅವನ ಬಳಿ ಒಂದು ಅಯಸ್ಕಾಂತವಿದೆ. ಅದನ್ನು ಹಿಡಿದು ಮೂಲೆ ಮೂಲೆ ಜಾಲಾಡಿದ. ಮೂರು ಗುಂಡುಸೂಜಿ, ಒಂದು ಕತ್ತರಿ ಸಿಕ್ಕಿದವು. ಸ್ಕ್ರೂ ಇಲ್ಲ.

ದರ್ಜಿ ಎದ್ದು ನಿಂತು, ಖಾಲಿ ಕಾಫಿ ಲೋಟ ನೋಡಿದ. ಹೆಡ್‌ಮಿಸ್ಟ್ರೆಸ್ಸನ್ನು ನೋಡಿದ. ಕೈಯಲ್ಲಿದ್ದ ಅಯಸ್ಕಾಂತ ನೋಡಿದ.

"ಮೇಡಂ, ಬೇಜಾರು ಮಾಡ್ಕೋಬೇಡಿ, ಒಂದ್ ನಿಮಿಷ ಹತ್ರ ಬರ್ತೀರಾ?"

ಅವರು ಬರಲಿಲ್ಲ. ಛತ್ರಿ ಎತ್ತಿಕೊಂಡು ಹೊರಟೇಹೋದರು. ಸಂಜೆ ಮನೆಯಲ್ಲಿ ನಾನು ಪ್ಯಾಂಟು ಬಿಚ್ಚಿ ಕೊಡವಿದಾಗ ಅದರ ಕಾಲಿನ ಮಡಿಕೆಯಿಂದ ಸ್ಕ್ರೂ ಟಿಣ್ಣೆಂದು ಬಿತ್ತು. "ಇಡೀ ದಿನ ಸ್ಟಾಫ್ ರೂಮಲ್ಲಿ ಹೆಡ್‌ಮಿಸ್ಟ್ರೆಸ್ಸು ಹೊಟ್ಟೆ ಮೇಲೆ ಕೈ ಇಟ್ಕೊಂಡು ಏನೋ ಕೇಳಿಸ್ಕೊಳ್ತಾ ಇದ್ರು" ಎಂದಳು ಹೆಂಡತಿ, ಒಂದು ಚೂರೂ ನಗದೆ.

ಅಂತೂ ಡಾಕ್ಟರ ದಿನ ಬಂತು. ಡಾಕ್ಟರಮ್ಮನ ಕೋಣೆಯಲ್ಲಿ ಕೂತು ಸುತ್ತ ನೋಡಿದೆ. ಎದುರಿನ ಗೋಡೆಯಲ್ಲಿ ಒಂದು ಮೊಳೆ. ಮೊಳೆಯ ಸುತ್ತ ಬಣ್ಣ ಮಾಸದ ದುಂಡನೆಯ ಗುರುತು. ನನ್ನ ವೃತ್ತಿಯ ಕಣ್ಣಿಗೆ ಅಷ್ಟು ಸಾಕು.

"ನೋಡಿದ್ಯಾ?" ಎಂದು ಹೆಂಡತಿಗೆ ಪಿಸುಗುಟ್ಟಿದೆ. "ಇಲ್ಲಿ ಗೋಡೆ ಗಡಿಯಾರ ಇತ್ತು. ರಿಪೇರಿಗೆ ಹೋಗಿದೆ. ಬಣ್ಣ ನೋಡಿದ್ರೆ ಎರಡು ಮೂರು ವರ್ಷವೇ ಆಗಿರ್ಬೇಕು. ಯಾವನೋ ಮೈಗಳ್ಳ ಇಟ್ಕೊಂಡು ಕೂತಿದ್ದಾನೆ. ಇಂಥವರಿಂದಲೇ ಕಣೇ ನಮ್ಮ ಕಸುಬಿಗೆ ಕೆಟ್ಟ ಹೆಸರು!"

ಡಾಕ್ಟರಮ್ಮ ಬಂದರು. ಹೆಂಡತಿಯ ನೋಟ್‌ಪುಸ್ತಕ ಓದಿ, "ಅಬ್ಬಾ, ಇಂಥ ಲೆಕ್ಕ ಯಾವ ಪೇಷೆಂಟೂ ತಂದಿಲ್ಲ" ಎಂದು ಮೆಚ್ಚಿಕೊಂಡರು. ಆಮೇಲೆ ನನ್ನನ್ನು ಕೇಳಿದರು, "ಏನ್ ಕೆಲಸ ನಿಮ್ದು?"

"ಗಡಿಯಾರ ರಿಪೇರಿ. ದರ್ಜಿ ಅಂಗಡಿ ಪಕ್ಕ. ಕೆಂಪು ಬೋರ್ಡು."

ಡಾಕ್ಟರಮ್ಮನ ಪೆನ್ನು ನಿಂತಿತು. ಕನ್ನಡಕದ ಮೇಲಿಂದ ನನ್ನನ್ನು ನೋಡಿ "ಓಹೋ" ಎಂದರು. ಅಷ್ಟೇ. ನನ್ನ ಕೀರ್ತಿ ಆಸ್ಪತ್ರೆಯವರೆಗೂ ಹಬ್ಬಿದೆ ಎಂದು ಹೆಂಡತಿಯತ್ತ ಹುಬ್ಬು ಹಾರಿಸಿದೆ.

ನನ್ನ ಮುಂಗೈ ಮೇಲೆ ಪೆನ್ನಿನಲ್ಲಿ ಒಂದರಿಂದ ಎಂಟರವರೆಗೆ ಬರೆದು, ಒಂದೊಂದರ ಪಕ್ಕ ಒಂದೊಂದು ಹನಿ ಬಿಟ್ಟು, ಹನಿಯ ಮೇಲೆ ಸೂಜಿಯಿಂದ ಚುಚ್ಚಿದರು. ಒಂದು ಹೂವಿನ ಪರಾಗ, ಒಂದು ಹುಲ್ಲು, ಒಂದು ಬೂಷ್ಟು, ಹೀಗೆ. ಐದನೆಯದು ಬೆಕ್ಕು. ಆರನೆಯದು ಧೂಳಿನ ನುಸಿ. ನನಗ್ಯಾಕೋ ಅವರು ಪ್ರತಿ ಸಲವೂ ಸ್ವಲ್ಪ ಹುರುಪಿನಿಂದಲೇ ಚುಚ್ಚಿದರು ಅನ್ನಿಸಿತು. "ಹದಿನೈದು ನಿಮಿಷ. ತುರಿಸ್ಕೋಬೇಡಿ. ಟೈಮು ನಿಮ್ಮ ಗಡಿಯಾರದಲ್ಲೇ ನೋಡ್ಕೊಳ್ಳಿ, ಇಲ್ಲಿ ಗಡಿಯಾರ ಇಲ್ಲ" ಎಂದರು.

ನಾನು ಐದನೆಯ ಚುಕ್ಕೆಯನ್ನೇ ದಿಟ್ಟಿಸಿದೆ. ಊದಿಕೋ! ಕೆಂಪಾಗು! ನನ್ನ ಮಾನ ಉಳಿಸು! ಹೆಂಡತಿಯೂ ಅದನ್ನೇ ನೋಡುತ್ತಿದ್ದಳು, ಮನಸ್ಸಿನಲ್ಲಿ ಬೇರೆ ಪ್ರಾರ್ಥನೆ. ಹತ್ತು ನಿಮಿಷವಾಯಿತು. ಐದು ತಣ್ಣಗೆ ಕೂತಿತ್ತು. ಆರು ಮಾತ್ರ ಎದ್ದಿತು. ಮೊದಲು ಕಡಲೆಕಾಳಿನಷ್ಟು, ಆಮೇಲೆ ಕೋಟಿನ ಗುಂಡಿಯಷ್ಟು!

"ಬೆಕ್ಕು ನಿರಪರಾಧಿ" ಎಂದರು ಡಾಕ್ಟರಮ್ಮ. "ನಿಮಗಿರೋದು ಧೂಳಿನ ನುಸಿಯ ಅಲರ್ಜಿ. ಕಣ್ಣಿಗೆ ಕಾಣಲ್ಲ. ಹಾಸಿಗೆ, ಹಳೇ ಕಂಬಳಿ, ಉಣ್ಣೆ ಬಟ್ಟೆ, ಇಂಥದ್ರಲ್ಲಿ ಇರತ್ತೆ. ಮಲಗೋ ಕೋಣೇಲಿ ಅಂಥದ್ದೇನಾದ್ರೂ ಇದ್ಯಾ?"

ನಾನು ಛಾವಣಿ ನೋಡಿದೆ. ಹೆಂಡತಿ ಈ ಪ್ರಶ್ನೆಗೆ ಹನ್ನೆರಡು ವರ್ಷದಿಂದ ಕಾಯುತ್ತಿದ್ದಳು.

"ಇದೆ ಡಾಕ್ಟ್ರೇ! ಮಂಚದ ಕೆಳಗೆ ನಲವತ್ತೊಂದು ಗಡಿಯಾರ ಇದೆ. ಎಲ್ಲದಕ್ಕೂ ಕಂಬಳಿ ಹೊದಿಸಿದ್ದಾರೆ. ಹನ್ನೆರಡು ವರ್ಷದಿಂದ ಪೊರಕೆ ಹಾಕೋಕೆ ಬಿಟ್ಟಿಲ್ಲ."

"ನಲವತ್ತೊಂದಾ!" ಡಾಕ್ಟರಮ್ಮ ಮುಂದಕ್ಕೆ ಬಾಗಿದರು. "ಅದ್ರಲ್ಲಿ ದುಂಡಗಿನದೊಂದು ಗೋಡೆ ಗಡಿಯಾರ ಇದ್ಯಾ? ಹಿತ್ತಾಳೆ ಅಂಚು, ಹತ್ತರ ಅಂಕಿ ಹತ್ರ ಸಣ್ಣ ಬಿರುಕು?"

ನನ್ನ ಕಣ್ಣು ತಾನಾಗಿಯೇ ಗೋಡೆಯ ಮೊಳೆಯತ್ತ ಹೋಯಿತು. ಹೆಂಡತಿಯ ಕಣ್ಣೂ ಹೋಯಿತು. ಆಮೇಲೆ ನಿಧಾನವಾಗಿ ನನ್ನತ್ತ ಬಂತು.

"ಯಾವನೋ ಮೈಗಳ್ಳ" ಎಂದು ಪಿಸುಗುಟ್ಟಿದಳು.

ಮಾತು ಬದಲಿಸಿದರೆ ಸಾಕಾಗಿತ್ತು. "ಚಿಕಿತ್ಸೆ ಹೇಳಿ ಡಾಕ್ಟ್ರೇ, ಚಿಕಿತ್ಸೆ!"

"ಮಾತ್ರೆ ಸೀನನ್ನ ತಡೀತದೆ, ಅಷ್ಟೇ. ತೀರಾ ಕಷ್ಟ ಆದಾಗ ತಗೊಳ್ಳಿ, ತೂಕಡಿಕೆ ಬರದೇ ಇರೋದು ಬರ್ಕೊಡ್ತೀನಿ. ಆದ್ರೆ ಅದನ್ನೇ ಚಿಕಿತ್ಸೆ ಅಂದ್ಕೋಬೇಡಿ. ನಿಜವಾದ ಚಿಕಿತ್ಸೆಗೆ ಹನಿ ಇದೆ. ದಿನಾ ನಾಲಿಗೆ ಕೆಳಗೆ ಹಾಕ್ಕೋಬೇಕು. ಧೂಳು ಕಂಡ ಕೂಡಲೇ ಜಗಳಕ್ಕೆ ಹೋಗಬೇಡ ಅಂತ ನಿಮ್ಮ ಮೈಗೆ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸತ್ತೆ."

"ಎಷ್ಟು ದಿನ?"

"ಮೂರು ವರ್ಷ."

"ಮೂರು ವರ್ಷವಾ!" ಕುರ್ಚಿಯಿಂದ ಅರ್ಧ ಎದ್ದೆ. "ಡಾಕ್ಟ್ರೇ, ಅಷ್ಟೆಲ್ಲ ಯಾಕೆ? ಮುಂದಿನ ವಾರಕ್ಕೆ ವಾಸಿ ಆಗೋ ಹಾಗೆ ಏನಾದ್ರೂ ಕೊಟ್ಬಿಡಿ, ಪುಣ್ಯ ಬರತ್ತೆ!"

ಡಾಕ್ಟರಮ್ಮ ಮೇಜಿನ ಡ್ರಾಯರು ಎಳೆದರು. ಹಳದಿ ತಿರುಗಿದ ಒಂದು ರಸೀದಿ ತೆಗೆದರು. ತಾರೀಖು ಮೂರು ವರ್ಷ ಎರಡು ತಿಂಗಳ ಹಿಂದಿನದು. ಅದರ ಬೆನ್ನು ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು, ಸ್ಪಷ್ಟವಾಗಿ ಓದಿದರು:

"ತಾತ್ಕಾಲಿಕ ರಿಪೇರಿಗೆ ಒತ್ತಾಯಿಸಬೇಡಿ. ತಾಳ್ಮೆಯೇ ಗಡಿಯಾರಕ್ಕೆ ಎಣ್ಣೆ."

ಹೆಂಡತಿ ಈ ಸಲ ನಕ್ಕಳು. ಎಷ್ಟು ನಕ್ಕಳೆಂದರೆ ನರ್ಸು ಬಾಗಿಲು ತೆರೆದು ನೋಡಿ ಹೋದಳು.

ಅಂದು ಸಂಜೆಯೇ ವಾರ್ಡು ಖಾಲಿಯಾಯಿತು. ಹೆಂಡತಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಂಬಳಿಗಳನ್ನು ಎಳೆದಳು. ಧೂಳು ಎಷ್ಟು ಎದ್ದಿತೆಂದರೆ ಸ್ವಲ್ಪ ಹೊತ್ತು ಹೆಂಡತಿಯೇ ಕಾಣಲಿಲ್ಲ, ಬೈಗುಳ ಮಾತ್ರ ಕೇಳಿಸುತ್ತಿತ್ತು. ನಾನು ಬೀದಿಯಲ್ಲಿ ನಿಂತು ಸೀನುತ್ತಾ ಒಂದೊಂದೇ ಗಡಿಯಾರ ಈಸಿಕೊಂಡೆ. ಡಾಕ್ಟರಮ್ಮನದು ಹನ್ನೆರಡನೆಯದಾಗಿ ಹೊರಬಂತು. ಅದನ್ನು ಜಗಲಿಯ ಮೇಲಿಟ್ಟು ಭೂತಗನ್ನಡಿ ಏರಿಸಿದೆ. ಮೂರು ವರ್ಷದಿಂದ ನನ್ನನ್ನು ಸತಾಯಿಸಿದ ಮಹಾರೋಗ ಇವತ್ತು ಸಿಗಲೇಬೇಕು! ಎಲ್ಲ ಬಿಚ್ಚುವ ಮೊದಲು ಸುಮ್ಮನೆ ಎದುರಿನಿಂದ ಒಮ್ಮೆ ನೋಡಿದೆ.

ನಿಮಿಷದ ಮುಳ್ಳು ಒಂದು ಚೂರು ಬಾಗಿ ಗಂಟೆಯ ಮುಳ್ಳಿಗೆ ತಗುಲಿಕೊಂಡಿತ್ತು. ಬೆರಳ ತುದಿಯಿಂದ ಎತ್ತಿದೆ. ಟಿಕ್, ಟಿಕ್, ಟಿಕ್.

"ಎಷ್ಟು ಹೊತ್ತಾಯ್ತು?" ಹೆಂಡತಿ ಪೊರಕೆ ಹಿಡಿದು ಹಿಂದೆ ನಿಂತಿದ್ದಳು.

"ಒಂದು... ಒಂದು ನಿಮಿಷ."

"ಸುಳ್ಳು. ಹನ್ನೊಂದು ಸೆಕೆಂಡು" ಎಂದು ನೋಟ್‌ಪುಸ್ತಕ ತೆರೆದು ಹೊಸ ಕಾಲಂ ಎಳೆದಳು.

ಮರುದಿನ ಅದನ್ನು ಮೊಳೆಗೆ ತಗುಲಿಸುವಾಗ ಡಾಕ್ಟರಮ್ಮ ಆಸೆಯಿಂದ ಕೇಳಿದರು, "ಅಂತೂ ಮೂಲ ಏನಾಗಿತ್ತು?" ನಾನು ಉತ್ತರ ಹೊಂದಿಸುವ ಮೊದಲೇ ಹೆಂಡತಿ ಹೇಳಿದಳು, "ಮುಳ್ಳು, ಡಾಕ್ಟ್ರೇ. ಬರೀ ಮುಳ್ಳು."

ಉಳಿದದ್ದು ನನ್ನ ಸಹಿ ಹಾಕಿದ ರಸೀದಿ. ಅಲ್ಲಿಂದ ಸೀದಾ ಅತ್ತೆಯವರ ದೊಡ್ಡ ಮಗಳ ಮನೆಗೆ ಹೋದೆವು. ದೊರೆಸಾನಿ ಸೋಫಾದ ಮೇಲೆ ಮಲಗಿದ್ದಳು. ನಾನು ಅವಳೆದುರು ನಿಂತು ಕೈ ಮುಗಿದೆ. "ತಪ್ಪಾಯ್ತಮ್ಮಾ" ಎಂದೆ. ಅವಳು ಆಕಳಿಸಿದಳು. ನಾನು ತಲೆಯೆತ್ತದೆ ಅತ್ತೆಯವರತ್ತ ತಿರುಗಿದೆ.

"ಅತ್ತೇ, ನೀವಿಲ್ದೆ ಮನೆ ಮನೆ ಥರ ಇಲ್ಲ. ನಾನು ಹಟಕ್ಕೆ ಬಿದ್ದು ನಿಮ್ಮನ್ನ ನೋಯಿಸ್ದೆ. ಬನ್ನಿ, ಮನೆಗೆ ಹೋಗೋಣ."

ಅತ್ತೆ ಎದ್ದು ಒಳಗೆ ಹೋಗಿ, ಆ ಅಲಾರಂ ಗಡಿಯಾರ ತಂದು ನನ್ನ ಕೈಗಿಟ್ಟರು. ಆರು ವರ್ಷದಲ್ಲಿ ಮೊದಲ ಸಲ! ನನ್ನ ಕಣ್ಣು ತುಂಬಿತು.

"ಇವತ್ತು ಮುಳ್ಳು ತಿರುಗಿಸೋದು ಮರ್ತೆ" ಎಂದರು. "ಹತ್ತು ನಿಮಿಷ ಮುಂದಕ್ಕಿಟ್ಟು ಕೊಡಿ, ಹೊರಡೋಣ."

"ಅತ್ತೇ, ಒಂದ್ಸಲ ಬಿಚ್ಚಿ ಮೂಲ..."

"ಅಳಿಯಂದಿರೇ, ನನಗೀಗ ಎಪ್ಪತ್ತೆಂಟು. ನೀವು ಮೂಲ ನೋಡೋವಷ್ಟು ಟೈಮು ನನ್ನ ಹತ್ರ ಇಲ್ಲ."

ಇಪ್ಪತ್ತಾರು ವರ್ಷದ ಸಿದ್ಧಾಂತ! ಎಲ್ಲರೆದುರು, ಎರಡೇ ಬೆರಳಲ್ಲಿ, ಮುಳ್ಳು ತಿರುಗಿಸಿ ಕೊಟ್ಟೆ.

ಮೆರವಣಿಗೆ ಹೊರಟಿತು. ಮುಂದೆ ನಾನು, ನನ್ನ ಹೆಗಲ ಮೇಲೆ ದೊರೆಸಾನಿ, ಹಿಂದೆ ಅತ್ತೆ, ಅವರ ಚೀಲ ಹಿಡಿದ ಹೆಂಡತಿ. ದರ್ಜಿ ಅಂಗಡಿಯಿಂದ ಹೊರಗೆ ಬಂದು ಅಳತೆಪಟ್ಟಿ ಬೀಸಿ ಗೌರವ ಸಲ್ಲಿಸಿದ. ಎದುರುಮನೆಯವರು ಕಿಟಕಿಯಲ್ಲಿ ಹಾಜರಿದ್ದರು. ಇನ್ನೇನು ನಮ್ಮ ಬಾಗಿಲು ಬಂತು ಎನ್ನುವಾಗ ದೊರೆಸಾನಿ ನನ್ನ ಕೋಟಿನ ಕಾಲರಿಗೆ ಮೂಗು ತಾಗಿಸಿ ಮೂಸಿದಳು. ವಾರ್ಡು ಖಾಲಿ ಮಾಡುವಾಗ ನಾನು ಹಾಕಿಕೊಂಡಿದ್ದ, ಧೂಳು ಕೊಡವದ ಕೋಟು ಅದು. ಮೀಸೆ ನಡುಗಿತು. ಕಣ್ಣು ಸಣ್ಣದಾಯಿತು. ನನ್ನ ಕಿವಿಗೆ ಸರಿಯಾಗಿ ಸೀನಿದಳು! ಒಂದು, ಎರಡು, ಮೂರು.

ಅತ್ತೆ ಅಲ್ಲೇ ನಿಂತುಬಿಟ್ಟರು. "ಅಯ್ಯೋ! ಆರು ವರ್ಷದಲ್ಲಿ ಇವಳು ಸೀನಿದ್ದೇ ಇಲ್ವಲ್ಲೇ! ಯಾವಾಗಿಂದ ಶುರುವಾಯ್ತು?"

"ಇವರ ಹೆಗಲು ಹತ್ತಿದ ಮೇಲೆ" ಎಂದಳು ಹೆಂಡತಿ. ಚೀಲ ಕೆಳಗಿಟ್ಟು, ನೋಟ್‌ಪುಸ್ತಕ ತೆಗೆದು, ಗಂಭೀರವಾಗಿ ಬರೆದುಕೊಂಡು, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಲೆಕ್ಕ ಸರಿಹೋಯ್ತಮ್ಮ. ಮೂಲ ಸಿಕ್ಕಿತು. ಈಗ ಹೇಳು, ಮನೆಯಿಂದ ಯಾರನ್ನ ಕಳಿಸೋಣ?"